ಬಲ್ಮಠದ ಗುಡ್ಡದ ವಿದ್ಯೆ ಮತ್ತು ದುಡಿಯುವವರ ಪಾಲು

(ಪುತ್ತೂರಿನಲ್ಲಿ ಹಂಚು ಮತ್ತು ಗೇರುಬೀಜ ಕಾರ್ಖಾನೆಗಳ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆಯ ಮಾತಿಗೆ ನೀವು ನನಗೆ ಕೊಟ್ಟ ವಿಷಯ 'ಸಣ್ಣ ಲೂಥರನ್ ವಿಶ್ವವಿದ್ಯಾನಿಲಯಗಳ ಚರಿತ್ರೆ, ಸಂಸ್ಕೃತಿ ಮತ್ತು ಸಮುದಾಯ ಜೀವನ' ಎಂಬುದು. ಅಮೆರಿಕದಲ್ಲಿ ಇಂಥ ಸಂಸ್ಥೆಗಳು ಬೇಕಾದಷ್ಟಿವೆ. ಅವುಗಳ ಕಟ್ಟಡಗಳನ್ನೂ ಹುಲ್ಲುಹಾಸುಗಳನ್ನೂ ವರ್ಣಿಸುತ್ತ ಕೂತರೆ ದಿನವಿಡೀ ದುಡಿದು ಬಂದ ನಿಮಗೆ ಏನು ಪ್ರಯೋಜನ? ಈ ವಿಷಯಕ್ಕೆ ತೀರ ಹತ್ತಿರವಾದ ಒಂದು ಸಂಗತಿ ನಮ್ಮ ಜಿಲ್ಲೆಯಲ್ಲೇ ಇದೆ. ಇಲ್ಲಿಂದ ಸುಮಾರು 50 ಕಿಲೋಮೀಟರು ದೂರದ ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ಬಾಸೆಲ್ ಮಿಶನ್ ಕಟ್ಟಿದ ವಿದ್ಯಾಲಯವದು. ಅದಕ್ಕೆ ವಿಶ್ವವಿದ್ಯಾನಿಲಯವೆಂಬ ಹೆಸರು ಎಂದೂ ಇರಲಿಲ್ಲ. ಆದರೆ ಒಂದು ವಿಶ್ವವಿದ್ಯಾನಿಲಯ ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವನ್ನು ಅದು ಮಾಡಿತು. ಶಾಲೆ, ದೈವಜ್ಞಾನದ ಪಾಠಶಾಲೆ, ಮುದ್ರಣಾಲಯ, ಪತ್ರಿಕೆ, ನಿಘಂಟು, ಮಗ್ಗ, ಹಂಚಿನ ಕಾರ್ಖಾನೆ ಎಲ್ಲವೂ ಒಂದೇ ಆಡಳಿತದಲ್ಲಿದ್ದವು. ಅದರಲ್ಲಿ ದುಡಿಯುವವನ ಪಾಲು ಎಷ್ಟಿತ್ತು, ಅವನಿಗೆ ಸಿಕ್ಕಿದ್ದೆಷ್ಟು, ಸಿಗದೆ ಉಳಿದದ್ದೇನು ಎಂಬುದನ್ನು ನೋಡೋಣ. ಪುತ್ತೂರು, ಸುಳ್ಯ, ಕಡಬಗಳ ನಮ್ಮ ಮಕ್ಕಳ ವಿದ್ಯೆಯ ಪ್ರಶ್ನೆಗೂ ಇದಕ್ಕೂ ನೇರವಾದ ಸಂಬಂಧವಿದೆ.

ಲೂಥರನ ಎರಡು ಮುಖಗಳು

ಮೊದಲು ಲೂಥರನ ವಿಷಯ ಎರಡು ಮಾತು. ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್ ಎಂಬ ಸಣ್ಣ ಊರಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ. ಆ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1502ರಲ್ಲಿ. 1517ರಲ್ಲಿ ಅವನು ಪೋಪರ ಆಡಳಿತವನ್ನು ಪ್ರಶ್ನಿಸಿದ. ಪಂಡಿತರ ಲ್ಯಾಟಿನ್ ಭಾಷೆಯಲ್ಲಿ ಬಂಧಿತವಾಗಿದ್ದ ಧರ್ಮಗ್ರಂಥವನ್ನು ಜನರಾಡುವ ಜರ್ಮನ್ ಭಾಷೆಗೆ ತಂದು, 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಇಡೀ ಬೈಬಲನ್ನೂ ಅಚ್ಚು ಹಾಕಿಸಿದ. 1524ರಲ್ಲಿ ಊರೂರಿನ ಆಡಳಿತಗಾರರಿಗೆ ಬರೆದು, ಶಾಲೆಗಳನ್ನು ತೆರೆಯಿರಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಿರಿ ಎಂದು ಒತ್ತಾಯಿಸಿದ. ಓದು ಪುರೋಹಿತನ ಸ್ವತ್ತಲ್ಲ ಎಂಬುದು ಈ ಪಂಥದ ಹುಟ್ಟುಗುಣ.

ಆದರೆ ಮರುವರ್ಷವೇ, 1525ರಲ್ಲಿ, ಜರ್ಮನಿಯ ರೈತರು ಪಾಳೆಯಗಾರರ ವಿರುದ್ಧ ಎದ್ದಾಗ ಇದೇ ಲೂಥರ್ ಪ್ರಭುಗಳ ಪಕ್ಷ ವಹಿಸಿದ. ರೈತರನ್ನು ನಿರ್ದಯವಾಗಿ ಅಡಗಿಸಬೇಕೆಂದು ಬರೆದ. ಅಕ್ಷರ ಕೊಡುವುದರಲ್ಲಿ ಉದಾರ, ಅಧಿಕಾರ ಕೊಡುವ ಮಾತು ಬಂದಾಗ ಜಿಪುಣ. ಈ ಎರಡು ಮುಖಗಳನ್ನು ನೆನಪಿನಲ್ಲಿಡಿ. ಬಲ್ಮಠದ ಕಥೆಯಲ್ಲೂ ಇವೆರಡೂ ಕಾಣುತ್ತವೆ.

ಬಾಸೆಲ್ ಮಿಶನ್ ಪೂರ್ತಿ ಲೂಥರನ್ ಸಂಸ್ಥೆಯಲ್ಲ ಎಂಬುದನ್ನೂ ಹೇಳಿಬಿಡಬೇಕು. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ನಾಡಿನ ಲೂಥರನ್ ಭಕ್ತರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಪಂಥದವರೂ ಕೂಡಿ 1815ರಲ್ಲಿ ಬಾಸೆಲ್ ನಗರದಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ತರಬೇತಾಗಿ ಹೊರಟ ಪಾದ್ರಿಗಳಲ್ಲಿ ಬಹಳ ಮಂದಿ ಕುಶಲಕರ್ಮಿಗಳ, ರೈತರ ಮಕ್ಕಳು. ಕೈಕೆಲಸವನ್ನು ಕೀಳೆಂದು ಎಣಿಸುವ ಅಭ್ಯಾಸ ಅವರಿಗೆ ಇರಲಿಲ್ಲ. ನಮ್ಮ ದೇಶದಲ್ಲಿ ವಿದ್ಯಾವಂತನೆಂದರೆ ನೇಗಿಲು ಮುಟ್ಟದವನು ಎಂಬ ಕಾಲದಲ್ಲಿ ಇದು ದೊಡ್ಡ ವ್ಯತ್ಯಾಸ.

ಒಂದೇ ಕಾಲದಲ್ಲಿ ಎರಡು ಪಯಣ

1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಪಾದ್ರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. 1834ರ ಅಕ್ಟೋಬರ್ 30ರಂದು ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು.

ಅದೇ 1834ರಲ್ಲಿ ನಮ್ಮ ಈ ಸೀಮೆಯಲ್ಲಿ ಏನಾಯಿತು? ಕಂಪೆನಿ ಸರಕಾರ ಕೊಡಗನ್ನು ನುಂಗಿತು. ಕೊಡಗಿನ ಅರಸರ ಕೈಕೆಳಗಿದ್ದ ಪುತ್ತೂರು, ಅಮರ ಸುಳ್ಯದ ಮಾಗಣೆಗಳನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತ ಇನ್ನು ಮುಂದೆ ನಗದು ಹಣವನ್ನೇ ತರಬೇಕಾಯಿತು. ಕಾಡಂಚಿನ ಗದ್ದೆಯವನಿಗೆ ನಾಣ್ಯ ಎಲ್ಲಿಂದ ಬರಬೇಕು? ಸಾಲಗಾರನ ಮನೆಯಿಂದಲೇ ಬರಬೇಕು. ಜೊತೆಗೆ ಉಪ್ಪು, ಹೊಗೆಸೊಪ್ಪುಗಳ ಮೇಲೆ ಸರಕಾರದ ಏಕಸ್ವಾಮ್ಯ. ಇದರ ಫಲವೇ 1837ರ ಅಮರ ಸುಳ್ಯದ ದಂಗೆ. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನ ಎದ್ದರು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಬಂಟ್ವಾಳಗಳನ್ನು ದಾಟಿ, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಎರಡು ವಾರಗಳೊಳಗೆ ಕಂಪೆನಿಯ ಸೈನ್ಯ ಮರಳಿ ಬಂದು ದಂಗೆಯನ್ನು ತುಳಿದು, ಮುಂದಾಳುಗಳನ್ನು ಗಲ್ಲಿಗೇರಿಸಿತು. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 185 ವರ್ಷಗಳ ಮೇಲೆ, 2022ರಲ್ಲಿ.

ಬಾವುಟಗುಡ್ಡೆಗೂ ಬಲ್ಮಠಕ್ಕೂ ಕೂಗಳತೆಯ ದೂರ. ಸುಳ್ಯದ ರೈತ ಕೋವಿ ಕತ್ತಿ ಹಿಡಿದು ಹೋದ ಊರಿಗೇ ಪಾದ್ರಿ ಪುಸ್ತಕ ಹಿಡಿದು ಬಂದಿದ್ದ. ಇಬ್ಬರೂ ಒಂದೇ ಪಕ್ಷದವರಾಗಿರಲಿಲ್ಲ. ಪಾದ್ರಿಗಳು ಕಂಪೆನಿಯ ರಕ್ಷಣೆಯಲ್ಲಿ ಇದ್ದವರು. ಕಂದಾಯದ ಅನ್ಯಾಯವನ್ನು ಎದುರಿಸುವುದು ಅವರ ಕೆಲಸವಾಗಿರಲಿಲ್ಲ. ಲೂಥರನ 1525ರ ಮುಖ ಇದು. ಇನ್ನು 1524ರ ಮುಖವನ್ನು ನೋಡಿ.

ಗುಡ್ಡದ ಮೇಲಿನ ವಿದ್ಯೆ

1841ರಲ್ಲಿ ಮಂಗಳೂರಿನಲ್ಲಿ ಮಿಶನ್ ಮುದ್ರಣಾಲಯ ಆರಂಭವಾಯಿತು. ಮೊದಮೊದಲು ಕಲ್ಲಚ್ಚು, ಅನಂತರ ಮೊಳೆಯಚ್ಚು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಓದಿಬಂದಿದ್ದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ಸಮಾಚಾರಪತ್ರ ಅದು. ನೀವು ಓದುವ ಈ ಬಗೆಯ ಸಾಪ್ತಾಹಿಕಗಳಿಗೆಲ್ಲ ಅದೇ ಹಿರಿಯಜ್ಜ. ಅದಕ್ಕಾಗಿಯೇ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಮೋಗ್ಲಿಂಗ್ ಅಷ್ಟಕ್ಕೆ ನಿಲ್ಲಲಿಲ್ಲ. ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರನ ಹಣದ ನೆರವಿನಿಂದ 1848ರಿಂದ 1853ರ ವರೆಗೆ ಹಳೆಯ ಕನ್ನಡ ಗ್ರಂಥಗಳ ಮಾಲೆಯನ್ನೇ ಅಚ್ಚು ಹಾಕಿಸಿದ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಹೀಗೆ ಅಚ್ಚಾದವು. ಕ್ರೈಸ್ತ ಪಾದ್ರಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದ ಎಂಬುದನ್ನು, ಮತದ ಹೆಸರಿನಲ್ಲಿ ಊರು ಒಡೆಯುವವರು ಒಮ್ಮೆ ಯೋಚಿಸಿ ನೋಡಲಿ. ನಾಡಿನ ಮನಸ್ಸನ್ನು ತಿಳಿದು ತನ್ನ ಮತವನ್ನು ಸಾರಬೇಕೆಂಬುದು ಅವನ ಉದ್ದೇಶವಾಗಿತ್ತು ನಿಜ. ಆದರೆ ಉದ್ದೇಶ ಅವನೊಡನೆ ಹೋಯಿತು, ಪುಸ್ತಕ ನಮ್ಮಲ್ಲಿ ಉಳಿಯಿತು.

1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, ದಶಕಗಳ ದುಡಿಮೆಯಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಸುಮಾರು 70,000 ಶಬ್ದಗಳಿವೆ. ಕವಿಗಳ ಶಬ್ದಗಳ ಜೊತೆಗೆ ಹಳ್ಳಿಯವರ ಗಾದೆ, ನುಡಿಗಟ್ಟುಗಳೂ ಅದರಲ್ಲಿ ಜಾಗ ಪಡೆದಿವೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಕಿಟೆಲನಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ವಿಶ್ವವಿದ್ಯಾನಿಲಯವೆಂಬ ಬೋರ್ಡು ಇದ್ದದ್ದು ಅಲ್ಲಿ, ವಿದ್ಯೆ ಬೆಳೆದದ್ದು ಇಲ್ಲಿ.

ತುಳುವಿಗೂ ಇದೇ ಗುಡ್ಡದಿಂದ ಉಪಕಾರವಾಯಿತು. 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1886ರಲ್ಲಿ ಮೆನ್ನರ್ ತುಳು-ಇಂಗ್ಲಿಷ್ ನಿಘಂಟನ್ನು ಹೊರತಂದ. ಆಡುಮಾತು ಎಂದು ಓದಿದವರು ಬದಿಗಿಟ್ಟಿದ್ದ ನುಡಿ ಪುಸ್ತಕಕ್ಕೆ ಬಂತು. ಸುಳ್ಯದ ಅರೆಭಾಷೆಗೆ ಸರಕಾರದ ಅಕಾಡೆಮಿ ಬಂದದ್ದು 2011ರಲ್ಲಿ ಎಂಬುದನ್ನು ನೆನೆದರೆ, ಜನರ ಮಾತಿಗೆ ಬೆಲೆ ಬರಲು ಎಷ್ಟು ಕಾಲ ಹಿಡಿಯುತ್ತದೆಂಬುದು ತಿಳಿಯುತ್ತದೆ.

ಪದವಿಯ ಕಥೆಯೂ ಕೇಳುವಂಥದ್ದು. ಬಲ್ಮಠದಲ್ಲಿ 1840ರ ದಶಕದಲ್ಲಿ ಆರಂಭವಾದ ದೈವಜ್ಞಾನ ಶಾಲೆ 1965ರಲ್ಲಿ ತುಮಕೂರಿನ ಶಾಲೆಯೊಡನೆ ಕೂಡಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಯಿತು. ಇಲ್ಲಿ ಓದಿದವರಿಗೆ ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. 1818ರಲ್ಲಿ ಸೆರಾಂಪುರ ಕಾಲೇಜನ್ನು ಕಟ್ಟಿದವರು ಬ್ಯಾಪ್ಟಿಸ್ಟ್ ಪಾದ್ರಿಗಳು. ಆದರೆ ಆ ಊರು ಆಗ ಡೆನ್ಮಾರ್ಕಿನ ವಶದಲ್ಲಿತ್ತು. ಲೂಥರನ್ ಮತದ ಡೆನ್ಮಾರ್ಕ್ ದೊರೆ 1827ರಲ್ಲಿ ಸನ್ನದು ಕೊಟ್ಟು ಆ ಕಾಲೇಜಿಗೆ ಪದವಿ ನೀಡುವ ಅಧಿಕಾರ ಒದಗಿಸಿದ. 1845ರಲ್ಲಿ ಊರು ಬ್ರಿಟಿಷರಿಗೆ ಮಾರಾಟವಾದರೂ ಸನ್ನದಿನ ಹಕ್ಕು ಉಳಿಯಿತು. ಬಲ್ಮಠದಲ್ಲಿ ಕನ್ನಡದಲ್ಲಿ ಕಲಿತು ಪಡೆವ ಪದವಿಯ ಬೇರು ಹೀಗೆ ಕೋಪನ್‌ಹೇಗನ್ನಿನ ಅರಮನೆಯ ತನಕ ಹೋಗುತ್ತದೆ. ಉನ್ನತ ವಿದ್ಯೆ ಕನ್ನಡದಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ಬಲ್ಮಠ ಒಂದು ಉತ್ತರ. ಇಂಗ್ಲಿಷಿನ ಯಜಮಾನಿಕೆ ದುಡಿಯುವವನನ್ನು ಅಧಿಕಾರದಿಂದ ದೂರವಿಡುವ ಬೇಲಿ ಎಂದು ಲೋಹಿಯಾ ಅವರು ಜೀವನವಿಡೀ ವಾದಿಸಿದ್ದು ಇದೇ ಪ್ರಶ್ನೆಗೆ ಸಂಬಂಧಿಸಿದ್ದು.

ಗುಡ್ಡದ ಕೆಳಗಿನ ಬದುಕು

ಇಷ್ಟೂ ವಿದ್ಯೆಯ ಕಥೆ. ಈ ಸಮುದಾಯದ ಬದುಕು ಹೇಗಿತ್ತು?

ಕ್ರೈಸ್ತರಾದವರಲ್ಲಿ ಹೆಚ್ಚಿನವರು ಬಿಲ್ಲವರು ಮತ್ತು ಇತರ ದುಡಿಯುವ ಜಾತಿಗಳವರು. ಮೇಲುಜಾತಿಯವರು ಬೆರಳೆಣಿಕೆ. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಮತಾಂತರಗೊಂಡಾಗ ಊರೇ ಗದ್ದಲವೆದ್ದಿತು. ಬಡವನು ಮತಾಂತರಗೊಂಡಾಗ ಗದ್ದಲವೇಳಲಿಲ್ಲ, ಅವನ ಗೇಣಿ ಹೋಯಿತು. ಜಾತಿ ಬಿಟ್ಟವನನ್ನು ಧಣಿ ಗದ್ದೆಯಿಂದ ಎಬ್ಬಿಸಿದ. ಶೇಂದಿ ತೆಗೆಯುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ, ಆದ್ದರಿಂದ ಕುಲಕಸುಬೂ ಹೋಯಿತು. ಮನೆಯವರು ದೂರ ಮಾಡಿದರು. ಅವನು ಹೆಂಡತಿ ಮಕ್ಕಳೊಡನೆ ಬಂದು ಮಿಶನ್ ಅಂಗಳದಲ್ಲಿ ನಿಂತ. ಇವನಿಗೆ ಹೊಟ್ಟೆಗೇನು ಎಂಬ ಪ್ರಶ್ನೆಯಿಂದ ನಮ್ಮ ಜಿಲ್ಲೆಯ ಕೈಗಾರಿಕೆಯ ಒಂದು ದೊಡ್ಡ ಭಾಗ ಹುಟ್ಟಿತು.

ಮೊದಲು ನೇಯ್ಗೆ ಬಂತು. ಖಾಕಿ ಬಣ್ಣವನ್ನು ಇಲ್ಲಿಯ ಮಗ್ಗದ ಮನೆಯಲ್ಲಿ ಹಾಲರ್ ಎಂಬವನು ಸಿದ್ಧಪಡಿಸಿದನೆಂದು ಹೇಳುವುದುಂಟು. 1859ರಲ್ಲಿ ಮಿಶನ್ ವ್ಯಾಪಾರಕ್ಕೆಂದೇ ಬಾಸೆಲಿನಲ್ಲಿ ಒಂದು ಕಂಪೆನಿ ಏರ್ಪಟ್ಟಿತು. ಮುದ್ರಣದ ಕೆಲಸ ಬಲ್ಲವನಾಗಿದ್ದ ಗೆಯೋರ್ಗ್ ಪ್ಲೆಬ್ಸ್ಟ್, ನೇತ್ರಾವತಿಯ ದಡದ ಆವೆಮಣ್ಣನ್ನು ಕಂಡು, ಹಂಚು ಮಾಡುವ ವಿಧಾನವನ್ನು ಕಲಿತು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮೂರು ವರ್ಷ ಕಳೆಯುವಷ್ಟರಲ್ಲಿ ಸ್ಥಳೀಯ ಬಂಡವಾಳದವರೂ ಈ ಉದ್ಯಮಕ್ಕೆ ಇಳಿದರು. ಮುಳಿಹುಲ್ಲಿನ, ಸೋಗೆಯ ಮನೆಗಳ ನಾಡಿಗೆ ಕೆಂಪು ಮಾಡು ಬಂತು. ಹಂಚು ಹಡಗು ಹತ್ತಿ ದೂರದ ಬಂದರುಗಳಿಗೂ ಹೋಯಿತು. ಪುತ್ತೂರು, ಸುಳ್ಯದ ಹಳೆಯ ಮನೆಗಳ ಮಾಡು ಬಿಚ್ಚುವಾಗ 'ಬಾಸೆಲ್ ಮಿಶನ್, 1865' ಎಂದು ಒತ್ತಿದ ಹಂಚುಗಳನ್ನು ನಿಮ್ಮಲ್ಲಿ ಎಷ್ಟೋ ಮಂದಿ ಕೈಯಲ್ಲಿ ಹಿಡಿದಿರಬಹುದು.

ಕೆಲಸಕ್ಕೆ ಮೊದಲು ಪ್ರಾರ್ಥನೆ. ಗಂಟೆ ಹೊಡೆದಾಗ ಕೆಲಸ ಆರಂಭ, ಗಂಟೆ ಹೊಡೆದಾಗ ಮುಕ್ತಾಯ. ಆದಿತ್ಯವಾರ ರಜೆ. ಧಣಿಯ ಅಂಗಳದಲ್ಲಿ ಹೊತ್ತು ಗೊತ್ತಿಲ್ಲದೆ ದುಡಿಯುತ್ತಿದ್ದವನಿಗೆ ಗಂಟೆಯ ಲೆಕ್ಕದ ಕೆಲಸ, ವಾರಕ್ಕೊಂದು ರಜೆ ಎಂಬುದು ಸಣ್ಣ ಸಂಗತಿಯಲ್ಲ. ಕಾಯಿಲೆಗೆ ನೆರವಾಗುವ ನಿಧಿ ಇತ್ತು. ಕೆಲಸಗಾರನ ಮಗ ಶಾಲೆಗೆ ಹೋಗುತ್ತಿದ್ದ, ಮಗಳೂ ಹೋಗುತ್ತಿದ್ದಳು. ಹೀಗೆ ಓದಿದ ಹೆಣ್ಣುಮಕ್ಕಳು ಮುಂದೆ ಶಿಕ್ಷಕಿಯರಾದರು. ಜಾತಿ ಜಾತಿಗಳ ನಡುವಿನ ಮುಟ್ಟುವಿಕೆಯ ಭೇದವನ್ನು ಸಭೆಯೊಳಗೆ ಮಿಶನ್ ಒಪ್ಪಲಿಲ್ಲ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಪಾತ್ರೆಯಿಂದ ಕುಡಿದು, ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಕೀರ್ತನೆಗಳನ್ನು ಒಂದೇ ಕಂಠದಿಂದ ಹಾಡಿದರು.

ಮಿಶನಿನ ಕೈ ಮನೆಯೊಳಗೂ ಬರುತ್ತಿತ್ತು. ಕುಡಿತ ಕೂಡದು, ಭೂತಾರಾಧನೆ ಕೂಡದು, ಆಯನ ಅಂಕಗಳಿಗೆ ಹೋಗಕೂಡದು. ಕೆಲಸ ಕೊಡುವವನು, ಮನೆ ಕೊಡುವವನು, ಮಕ್ಕಳಿಗೆ ಪಾಠ ಹೇಳುವವನು, ಪಾಪಪುಣ್ಯದ ತೀರ್ಪು ಕೊಡುವವನು, ನಾಲ್ವರೂ ಒಂದೇ ಸಂಸ್ಥೆಯವರಾದರೆ ಕೆಲಸಗಾರ ಬಾಯಿ ತೆರೆಯುವುದು ಹೇಗೆ? ಮಜೂರಿ ಸಾಲದೆಂದರೆ ಅದು ಕೃತಘ್ನತೆ ಎನಿಸಿಕೊಳ್ಳುತ್ತದೆ. ದಯೆಯ ಆಡಳಿತದಲ್ಲಿ ಹಕ್ಕಿನ ಮಾತಿಗೆ ಜಾಗ ಸಿಗುವುದು ಕಷ್ಟ.

ಇದರ ಪರೀಕ್ಷೆ ಮೊದಲನೆಯ ಮಹಾಯುದ್ಧದಲ್ಲಿ ಆಯಿತು. 1914ರಲ್ಲಿ ಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರಕ್ಕೆ ಜರ್ಮನ್ ಪಾದ್ರಿಗಳು ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳಿಸಿದರು. ಕಾರ್ಖಾನೆಗಳನ್ನು ವಶಪಡಿಸಿಕೊಂಡು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಗೆ ಒಪ್ಪಿಸಿದರು. ಎರಡು ಮೂರು ತಲೆಮಾರು ಮಣ್ಣು ತುಳಿದು, ಆವಿಗೆಯ ಶಾಖ ತಿಂದು, ಮಗ್ಗದ ಗುಂಡಿಯಲ್ಲಿ ಕೂತು ಆ ಆಸ್ತಿಯನ್ನು ಬೆಳೆಸಿದವರನ್ನು ಯಾರೊಬ್ಬರೂ ಕೇಳಲಿಲ್ಲ. ಧಣಿ ಬದಲಾದ, ಹಂಚಿನ ಮೇಲಿನ ಮುದ್ರೆ ಬದಲಾಯಿತು, ಕೆಲಸಗಾರ ಮಾತ್ರ ಅದೇ ಮಣೆಯ ಮುಂದೆ ನಿಂತಿದ್ದ. ಅನಂತರದ ದಶಕಗಳಲ್ಲಿ ಮಂಗಳೂರಿನ ಹಂಚು, ನೇಯ್ಗೆ, ಬೀಡಿ, ಗೇರುಬೀಜದ ಕೆಲಸಗಾರರು ಸಂಘ ಕಟ್ಟಿಕೊಂಡಾಗಲೇ ಹಕ್ಕಿನ ಮಾತು ಬಂತು.

ಕಿಟೆಲನ ನಿಘಂಟಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ಇದೇ ಸಮುದಾಯದ ದುಡಿಮೆಗಾರರು. ಸಾವಿರದ ಏಳುನೂರು ಪುಟಗಳಿಗೂ ಮಿಕ್ಕಿ ಕನ್ನಡ, ಇಂಗ್ಲಿಷ್, ಬೇರೆ ಬೇರೆ ದ್ರಾವಿಡ ಭಾಷೆಗಳ ಶಬ್ದಗಳನ್ನು ತಪ್ಪಿಲ್ಲದೆ ಜೋಡಿಸುವುದು ಪಾಂಡಿತ್ಯವಲ್ಲವೇ? ಬೆಂಗಳೂರಿನಲ್ಲಿ ಕಿಟೆಲನ ಪ್ರತಿಮೆಯಿದೆ, ಅದು ಇರತಕ್ಕದ್ದೇ. ಮೊಳೆ ಜೋಡಿಸಿದವರಿಗೆ ಪ್ರತಿಮೆ ಬೇಡ, ಅವರ ಮೊಮ್ಮಕ್ಕಳಿಗೆ ಕಾಲೇಜಿನಲ್ಲಿ ಜಾಗ ಸಿಕ್ಕರೆ ಸಾಕು.

ಚೋಮನ ಪ್ರಶ್ನೆ

ಪಾದ್ರಿಗಳು ಮತ ಹರಡಲು ಬಂದವರು, ಅವರ ವಿದ್ಯೆಯ ಮಾತು ನಮಗೇಕೆ ಎಂದು ಕೇಳುವವರು ನಮ್ಮ ಊರಲ್ಲಿ ಇದ್ದಾರೆ. ಅವರಿಗೆ ನಾನು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಓದಿರಿ ಎನ್ನುತ್ತೇನೆ. 1933ರ ಈ ಕಾದಂಬರಿ ಇದೇ ಸೀಮೆಯ ಬದುಕಿನಿಂದ ಎದ್ದದ್ದು. ಹೊಲೆಯ ಚೋಮನಿಗೆ ಬೇಕಾದದ್ದು ಉಳಲು ಒಂದು ತುಂಡು ನೆಲ. ಅವನ ಜಾತಿಯವರು ಬೇಸಾಯ ಮಾಡಕೂಡದೆಂಬುದು ಊರಿನ ಕಟ್ಟಳೆ. ಮತ ಬದಲಿಸಿದರೆ ನೆಲ ಸಿಗುತ್ತದೆಂಬ ಆಸೆ ಅವನೆದುರು ಬರುತ್ತದೆ. ಹೊರಟವನು ದಾರಿಯಲ್ಲಿ ತನ್ನ ಭೂತದ ನೆನಪಿಗೆ ಕಟ್ಟುಬಿದ್ದು ಮರಳುತ್ತಾನೆ. ಕೊನೆಗೆ ನೆಲವೂ ಇಲ್ಲ, ಮಕ್ಕಳೂ ಇಲ್ಲ, ದುಡಿಯೊಂದೇ ಉಳಿಯುತ್ತದೆ. ಮತಾಂತರದ ಮೇಲೆ ಸಿಟ್ಟಾಗುವವರು, ಚೋಮನಿಗೆ ನೆಲ ಕೊಡದ ಊರಿನ ಮೇಲೆ ಮೊದಲು ಸಿಟ್ಟಾಗಬೇಕು.

ಆ ಸಿಟ್ಟನ್ನು ಕೆಲಸವಾಗಿ ಮಾಡಿದವರು ನಮ್ಮಲ್ಲೂ ಇದ್ದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕೆಂದು ಸಂಸ್ಥೆ ಕಟ್ಟಿ, ಜಾತಿಯವರ ಬಹಿಷ್ಕಾರವನ್ನು ಸಹಿಸಿ, ದಲಿತ ಮಕ್ಕಳಿಗೆ ಶಾಲೆ ತೆರೆದರು, ಕೈಕೆಲಸ ಕಲಿಸಿದರು. ಕಾರಂತರು ಇದೇ ಪುತ್ತೂರಿನ ಬಾಲವನದಲ್ಲಿ ಕೂತು, ಪದವಿಯ ಹಂಗಿಲ್ಲದೆ, ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು, ನಾಟಕ ಆಡಿಸಿದರು, ಅಚ್ಚುಕೂಟ ನಡೆಸಿದರು. ಒಬ್ಬನೇ ಮನುಷ್ಯ ಒಂದು ಸಣ್ಣ ವಿಶ್ವವಿದ್ಯಾನಿಲಯದಷ್ಟು ಕೆಲಸ ಮಾಡಿದ್ದಕ್ಕೆ ಬಾಲವನವೇ ಸಾಕ್ಷಿ.

ಚೋಮನ ಪ್ರಶ್ನೆಗೆ ಉತ್ತರದ ಒಂದು ಭಾಗ ಹೋರಾಟದಿಂದ ಬಂತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ಸಮಾಜವಾದಿಗಳು ನಿಂತರು, ಲೋಹಿಯಾ ಅವರು ಅಲ್ಲಿ ಬಂಧಿತರಾದರು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ದಕ್ಷಿಣ ಕನ್ನಡದ ಗೇಣಿದಾರ ಒಡೆಯನಾದ. ನೆಲ ಕೈಗೆ ಬಂದ ಮನೆಯ ಮಕ್ಕಳು ಕಾಲೇಜಿನ ಮೆಟ್ಟಲು ಹತ್ತಿದರು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಬಂದಿದ್ದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಾಲೇಜುಗಳನ್ನು ಕಟ್ಟಿದರು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಕಾಲೇಜು ಕಟ್ಟಿದವರ ಶ್ರಮ ದೊಡ್ಡದು. ಆದರೆ ಗೇಣಿ ಕಾಗದವೇ ಇಲ್ಲದಿದ್ದ ಕೂಲಿಯವನಿಗೆ 1974ರ ಕಾನೂನಿನಿಂದ ಗದ್ದೆ ಬರಲಿಲ್ಲ. ಅವನ ಮನೆಯ ಮಕ್ಕಳಿಗೆ ಕಾಲೇಜು ಇವತ್ತಿಗೂ ದೂರವೇ.

ನಮ್ಮ ಮೂರು ತಾಲೂಕುಗಳ ಲೆಕ್ಕ

ಪುತ್ತೂರಿನಲ್ಲಿ 1986ರಿಂದ ಕೇಂದ್ರ ಸರಕಾರದ ಗೇರು ಸಂಶೋಧನಾ ಸಂಸ್ಥೆ ಇದೆ. ವಿಟ್ಲದಲ್ಲಿ ಅಡಿಕೆ, ಕೊಕ್ಕೋಗಳ ಸಂಶೋಧನಾ ಕೇಂದ್ರ ಇದೆ. ಕಡಬದ ಕಡೆ ಕಿದುವಿನಲ್ಲಿ ತೆಂಗು, ಅಡಿಕೆಯ ಬೀಜದ ತೋಟ ಇದೆ. ಜಗತ್ತಿನ ವಿಜ್ಞಾನಿಗಳು ಹುಡುಕಿಕೊಂಡು ಬರುವಂಥ ಜ್ಞಾನ ನಮ್ಮ ಮನೆ ಬಾಗಿಲಲ್ಲೇ ಇದೆ. ಇದೇ ಪುತ್ತೂರಿನಲ್ಲಿ ಗೇರುಬೀಜ ಒಡೆದು, ಅದರ ಎಣ್ಣೆಗೆ ಬೆರಳು ಸುಟ್ಟುಕೊಂಡು, ತಿರುಳಿನ ದರ್ಜೆಯನ್ನು ಕಣ್ಣಿನಲ್ಲೇ ಗುರುತಿಸುವ ಹೆಂಗಸರಿದ್ದಾರೆ. ಸಂಸ್ಥೆಯ ವಿಜ್ಞಾನಿಗೂ ಈ ಅಕ್ಕಂದಿರಿಗೂ ಮಾತುಕತೆ ಆಗುವ ವ್ಯವಸ್ಥೆ ಎಲ್ಲಿದೆ? ಅವರ ಮಗಳು ಅಲ್ಲಿ ಕಲಿಯಲು ಹೋಗುವ ದಾರಿ ಎಲ್ಲಿದೆ?

ಸುಳ್ಯ, ಕಡಬ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳನ್ನು ನೋಡಿ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತಮಿಳು ಕುಟುಂ‌ಬಗಳು ಅಲ್ಲಿ ತಲೆಮಾರುಗಳಿಂದ ಹಾಲು ತೆಗೆಯುತ್ತಿವೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಆಡುವ ಆ ಮಕ್ಕಳು ಭಾಷೆಯಲ್ಲಿ ನಮ್ಮ ನಿಮಗಿಂತ ಶ್ರೀಮಂತರು. ಆದರೂ ಎಷ್ಟು ಮಕ್ಕಳಿಗೆ ಕಾಲೇಜಿನ ಶುಲ್ಕ, ಬಸ್ಸಿನ ಖರ್ಚು, ಹಾಸ್ಟೆಲಿನ ಹಣ ಹೊಂದೀತು? ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಡಬ ಈಚೆಗೆ ತಾಲೂಕಾಯಿತು. ತಾಲೂಕಿನ ಬೋರ್ಡು ಬಂದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ.

ಬಲ್ಮಠದ ಚರಿತ್ರೆಯಿಂದ ತೆಗೆದುಕೊಳ್ಳಬೇಕಾದದ್ದು ಒಂದೇ ಮಾತು. ಕೈಕೆಲಸವೂ ಪುಸ್ತಕವೂ ಒಂದೇ ಮಾಡಿನ ಕೆಳಗೆ ಇದ್ದಾಗ ಒಂದು ಸಣ್ಣ ಸಂಸ್ಥೆ ಒಂದು ನಾಡಿನ ಭಾಷೆಯನ್ನೂ ಮಾಡನ್ನೂ ಬದಲಾಯಿಸಿತು. ಆದರೆ ಆಡಳಿತ ದುಡಿಯುವವರ ಕೈಗೆ ಬರದ ಕಾರಣ, ಒಂದು ಯುದ್ಧ ಬಂದಾಗ ಅದು ರಾತ್ರಿ ಬೆಳಗಾಗುವುದರೊಳಗೆ ಪರರ ಪಾಲಾಯಿತು. ಮೊದಲಿನದನ್ನು ನಾವು ಕಲಿಯಬೇಕು, ಎರಡನೆಯದನ್ನು ತಿದ್ದಬೇಕು.

ತಿದ್ದಲು ಸಾಧ್ಯವೇ? 1973ರಲ್ಲಿ ಅಡಿಕೆಯ ಬೆಲೆ ಕುಸಿತದಿಂದ ಕಂಗೆಟ್ಟ ಬೆಳೆಗಾರರು ಕೂಡಿ ಕ್ಯಾಂಪ್ಕೋ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲೇ ಅದರ ಚಾಕೊಲೇಟ್ ಕಾರ್ಖಾನೆ ಎದ್ದಿತು. ಸಹಕಾರದಿಂದ ಕಾರ್ಖಾನೆ ನಡೆಸಬಲ್ಲ ಊರು, ಸಹಕಾರದಿಂದ ಒಂದು ಸಂಜೆ ಕಾಲೇಜನ್ನು ನಡೆಸಲಾರದೇ? ಪೇಟೆಯ ಬಂಧುಗಳು ಹರೇಕಳ ಹಾಜಬ್ಬರನ್ನು ನೆನೆಯಿರಿ. ಕಿತ್ತಳೆ ಬುಟ್ಟಿ ಹೊತ್ತು ಮಾರಿದ ದುಡ್ಡಿನಿಂದ ತನ್ನ ಊರಿಗೆ ಶಾಲೆ ತಂದ ಅಕ್ಷರ ಬಾರದ ವ್ಯಾಪಾರಿ ಅವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ದೊಡ್ಡ ಬಂಡವಾಳ ಬಂದ ಮೇಲೆ ವಿದ್ಯೆ ಎಂದು ಅವರು ಕಾದು ಕೂರಲಿಲ್ಲ.

ಆದ್ದರಿಂದ ಈ ಕೂಟದ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇನೆ. ನಮ್ಮ ಮೂರು ತಾಲೂಕುಗಳಲ್ಲಿ ಮಕ್ಕಳು ಕಡಿಮೆಯೆಂಬ ನೆಪದಿಂದ ಒಂದು ಸರಕಾರಿ ಕನ್ನಡ ಶಾಲೆಯನ್ನೂ ಮುಚ್ಚಕೂಡದು. ದುಡಿಯುವವರಿಗಾಗಿ ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಸರಕಾರ ಸಂಜೆ ಕಾಲೇಜು ತೆರೆಯಬೇಕು, ಅದರಲ್ಲಿ ಕೈಕೆಲಸದ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಬೇಕು. ಗೇರು, ಅಡಿಕೆ, ತೆಂಗಿನ ಸಂಶೋಧನಾ ಸಂಸ್ಥೆಗಳು ತೋಟದ ಒಡೆಯರಿಗೆ ತೆರೆದಷ್ಟೇ ಅಗಲವಾಗಿ ಕಾರ್ಖಾನೆಯ ಹಾಗೂ ತೋಟದ ಕೆಲಸಗಾರರಿಗೂ ಬಾಗಿಲು ತೆರೆಯಬೇಕು. ಸರಕಾರದ ಹಣ ಪಡೆಯುವ ಪ್ರತಿಯೊಂದು ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯಲ್ಲೂ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು.

ಈ ನಾಲ್ಕನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದು ಕಾರ್ಖಾನೆಯ ಬಾಗಿಲಲ್ಲೂ ಪ್ರತಿಯೊಂದು ಅಂಗಡಿಯಲ್ಲೂ ಸಹಿ ಸಂಗ್ರಹಿಸುವ ಕೆಲಸವನ್ನು ಬರುವ ಆದಿತ್ಯವಾರದಿಂದಲೇ ಆರಂಭಿಸೋಣ. ಸಹಿ ಮಾಡಲು ಬಾರದವರ ಹೆಬ್ಬೆಟ್ಟನ್ನೂ ತನ್ನಿ. ಅವರ ಮಕ್ಕಳಿಗಾಗಿಯೇ ಈ ಮಾತು.